ಊಟದ ಹಾಲ್‌ಗೆ ಒಬ್ಬ ಪ್ರಧಾನಮಂತ್ರಿ

ಉಜ್ಜನಪ್ಪ ಈ ದೇಶದ ಪ್ರಧಾನಮಂತ್ರಿಯಾಗುವುದಕ್ಕೆ ಇದ್ದ ಅಡ್ಡಿ ಒಂದೇ. ಯಾರೂ ಅವನನ್ನು ಕರೆದಿರಲಿಲ್ಲ. ಮಿಕ್ಕಿದ್ದೆಲ್ಲ ತಯಾರಿತ್ತು. ಧೋರಣೆ ತಯಾರಿತ್ತು, ಭಾಷಣ ತಯಾರಿತ್ತು, ಕೆಂಪುಕೋಟೆಯ ಮೇಲೆ ನಿಂತಾಗ ಎಡಗೈಯನ್ನು ಎಲ್ಲಿಟ್ಟುಕೊಳ್ಳಬೇಕು ಎನ್ನುವುದೂ ತೀರ್ಮಾನವಾಗಿತ್ತು. ಸದ್ಯಕ್ಕೆ ಅವನು ಶಿವಮೊಗ್ಗಕ್ಕೂ ಭದ್ರಾವತಿಗೂ ನಡುವಿನ ಮಾಚೇನಹಳ್ಳಿಯ ಒಂದು ಸಣ್ಣ ಫೌಂಡ್ರಿಯಲ್ಲಿ ಸ್ಟೋರ್ ಕೀಪರ್. ಬೆಳಿಗ್ಗೆ ಕೈಗವಸು, ಗ್ರೀಸಿನ ಡಬ್ಬ, ಸ್ಪ್ಯಾನರು ಕೊಡುವುದು, ಸಂಜೆ ವಾಪಸ್ಸು ಇಸಿದುಕೊಳ್ಳುವುದು. ಇಷ್ಟನ್ನು ಅಚ್ಚುಕಟ್ಟಾಗಿ ಮಾಡುವವನಿಗೆ ದೇಶ ಯಾವ ಮಹಾ ಲೆಕ್ಕ ಎಂದು ಅವನಿಗೆ ಅನ್ನಿಸಿದ್ದರೆ ಅದು ಅವನ ತಪ್ಪಲ್ಲ. ಬೆಳಿಗ್ಗೆಗೂ ಸಂಜೆಗೂ ನಡುವೆ ಸ್ಟೋರಿನಲ್ಲಿ ಬೇಕಾದಷ್ಟು ಪುರುಸೊತ್ತಿತ್ತು.

ಅವನ ಸಂಸತ್ತು ಫ್ಯಾಕ್ಟರಿ ಗೇಟಿನೆದುರಿನ ಪುಟ್ಟಣ್ಣನ ಟೀ ಅಂಗಡಿ. ಅಲ್ಲಿ ಆಡಳಿತ ಪಕ್ಷವೂ ಅವನೇ. ವಿರೋಧ ಪಕ್ಷ ಪುಟ್ಟಣ್ಣ. ಅವನು ಸೌಟಿನಲ್ಲಿ ಟೀ ಎತ್ತಿ ಸುರಿಯುತ್ತ ಪ್ರಶ್ನೋತ್ತರ ಕಲಾಪ ನಡೆಸಿಕೊಡುತ್ತಿದ್ದ.

“ನಾನು ಪ್ರೈಮ್ ಮಿನಿಸ್ಟರ್ ಆದ ಮೊದಲ್ನೇ ದಿನ ಒಂದೇ ಆರ್ಡರ್ ಪುಟ್ಟಣ್ಣ. ಬಸ್ ಕಿಟಕಿಯಿಂದ ಕರ್ಚೀಫ್ ಹಾಕಿ ಸೀಟ್ ಹಿಡಿಯೋದು ಬಂದ್. ಶಿವಮೊಗ್ಗದಿಂದ ಇಲ್ಲೀವರೆಗೆ ದಿನಾ ನಾನು ನಿಂತ್ಕೊಂಡು ಬರ್ತೀನಿ, ಯಾರದೋ ಕರ್ಚೀಫು ಕೂತ್ಕೊಂಡು ಬರುತ್ತೆ!”

“ಲಂಚಕ್ಕೆ ಏನ್ಮಾಡ್ತೀರಿ?”

“ತ್ಯಾವರೆಕೊಪ್ಪದ ಸಿಂಹ ಸಫಾರಿ ಬಸ್ಸಲ್ಲಿ ಕೂರಿಸಿ, ಅರ್ಧ ದಾರೀಲಿ ಟಿಕೆಟ್ ಇಲ್ಲ ಅಂತ ಇಳಿಸೋದು.”

“ವಿದೇಶಾಂಗ?”

“ಅವರವರ ಕಾಂಪೌಂಡ್ ಒಳಗೆ ಅವರವರು ಇರ್ಬೇಕು.”

“ಗ್ಯಾಸ್ ಸಿಲಿಂಡರ್ ರೇಟು?”

ಉಜ್ಜನಪ್ಪ ಒಂದು ಗುಟುಕು ಟೀ ಕುಡಿದು, ದೂರದ ಚಿಮಣಿಯನ್ನು ನೋಡಿ, “ಅದಕ್ಕೊಂದು ಕಮಿಟಿ ಮಾಡ್ತೀನಿ” ಎಂದ. ಇವನಲ್ಲಿ ಪ್ರಧಾನಿಯ ಲಕ್ಷಣ ಇಲ್ಲವೆಂದು ಯಾರು ಹೇಳಿಯಾರು?

ಆದರೆ ಅವನ ಧೋರಣೆಗಳ ಕಿರೀಟವೆಂದರೆ ಮದುವೆ ಊಟ. ಇಡೀ ದೇಶದ ಕಾಯಿಲೆ ಮದುವೆ ಊಟದ ಹಾಲ್‌ನಲ್ಲಿ ಕಾಣುತ್ತದೆ ಎನ್ನುವುದು ಅವನ ಸಿದ್ಧಾಂತ. “ನಾನಿಲ್ಲಿ ಸಾರು ಕಲೆಸ್ತಿದ್ರೆ ಬೆನ್ನ ಹಿಂದೆ ಕುರ್ಚಿ ಹಿಡ್ಕೊಂಡು ನಿಂತೋನು ನನ್ನ ಬದಲು ಎಂಜಲು ನುಂಗ್ತಿರ್ತಾನೆ. ಬೀಗರಿಗೊಂದು ಪಂಕ್ತಿ, ಸಾಹುಕಾರರಿಗೊಂದು ಪಂಕ್ತಿ, ನಮ್ಮಂಥೋರಿಗೆ ಕಡೇ ಪಂಕ್ತಿ. ಅಷ್ಟೊತ್ತಿಗೆ ಹೋಳಿಗೆ ಖಾಲಿ. ಸಂವಿಧಾನದಲ್ಲಿ ಇದೆಯಾ ಇದು? ನನ್ನ ಸರ್ಕಾರದಲ್ಲಿ ಎಲ್ಲರಿಗೂ ಟೋಕನ್. ಮೊದಲು ಬಂದೋರು ಮೊದಲು ಉಣ್ಬೇಕು. ನಮ್ಮ ಫ್ಯಾಕ್ಟರಿ ಕ್ಯಾಂಟೀನಲ್ಲಿ ಆಗೋದು ಮದುವೇಲಿ ಯಾಕಾಗಲ್ಲ?”

ಇಷ್ಟನ್ನು ಅವನು ಪುಟ್ಟಣ್ಣನ ಮುಂದೆ ಮಾತ್ರ ಹೇಳಿಕೊಂಡಿದ್ದರೆ ದೇಶಕ್ಕೂ ಅವನಿಗೂ ಕ್ಷೇಮವಿತ್ತು. ಭದ್ರಾವತಿಯ ಓಲ್ಡ್ ಟೌನಿನಲ್ಲಿರುವ ಹೆಂಡತಿಯ ತವರಿನಲ್ಲಿ ಹೇಳಿದ.

ಅವನ ಹೆಂಡತಿ ಪುಷ್ಪಮ್ಮನ ತಮ್ಮ ಭೈರಪ್ಪ. ಭೈರಪ್ಪನ ಮಗಳು ಸ್ಫೂರ್ತಿಗೆ ಶಿವಮೊಗ್ಗದ ದುಶ್ಯಂತ ಎಂಬ ಹುಡುಗನೊಂದಿಗೆ ಮದುವೆ ಗೊತ್ತಾಗಿ, ಮನೆಮಂದಿಯೆಲ್ಲ ಕೂತು ಕೆಲಸ ಹಂಚಿಕೊಳ್ಳುತ್ತಿದ್ದರು. ಹೂವಿಗೆ ಒಬ್ಬರು, ಬಸ್ಸಿಗೆ ಒಬ್ಬರು, ಓಲಗದವರಿಗೆ ಒಬ್ಬರು. ಊಟದ ಹಾಲ್ ಎಂದಾಗ ಮಾತ್ರ ಎಲ್ಲರಿಗೂ ಒಟ್ಟಿಗೆ ಕೆಮ್ಮು ಬಂತು. ಊಟದ ಬಾಗಿಲಲ್ಲಿ ನಿಂತವನಿಗೆ ಸಂಜೆಯೊಳಗೆ ಅರ್ಧ ನೆಂಟರು ಮಾತು ಬಿಡುತ್ತಾರೆ ಎನ್ನುವುದು ಅವರಿಗೆಲ್ಲ ಅನುಭವದಿಂದ ಗೊತ್ತಿತ್ತು. ಆ ಕೆಮ್ಮಿನ ನಡುವೆ ಉಜ್ಜನಪ್ಪ ಎದ್ದು ನಿಂತು ತನ್ನ ರಾಷ್ಟ್ರೀಯ ಧೋರಣೆಯನ್ನು ಮಂಡಿಸಿದ.

ಭೈರಪ್ಪ ಅದನ್ನು ಬಾಯಿ ತೆರೆದು ಕೇಳಿದ. ಆಮೇಲೆ ಬಾಯಿ ಮುಚ್ಚಿ, ಎರಡೂ ಕೈ ಜೋಡಿಸಿ, “ಭಾವ, ನಿಮ್ಮ ಸರ್ಕಾರ ನಮ್ಮನೇಲೇ ಶುರು ಆಗ್ಲಿ. ಊಟದ ಹಾಲ್ ನಿಮ್ದು” ಎಂದ.

ಅತ್ತೆ ಉಚ್ಚಂಗಮ್ಮ ಎಲೆಯಡಿಕೆ ಜಗಿಯುವುದನ್ನು ನಿಲ್ಲಿಸಿದರು. “ಅಳಿಯಂದ್ರು ಮಾತಾಡೋಕೆ ಚೆನ್ನಾಗಿದಾರೆ ಕಣೋ. ಮಾತಲ್ಲೇ ಇರ್ಲಿ ಬಿಡೋ” ಎಂದರು. ಆ ಮನೆಯಲ್ಲಿ ಉಜ್ಜನಪ್ಪನಿಗೆ ಇದ್ದ ಹೆಸರೇ ಮಾತಿನ ಅಳಿಯ. ಇಂಥ ಹೆಸರು ಗಂಡನಿಗೆ ಅಂಟಿದರೆ ತುರಿಸುವುದು ಹೆಂಡತಿಗೆ. ಬಸ್‌ಸ್ಟ್ಯಾಂಡಿಗೆ ಬರುವ ದಾರಿಯಲ್ಲಿ ಪುಷ್ಪಮ್ಮ ಹೇಳಿದಳು: “ರೀ, ಬಾಯಿಗೆ ಬಂದಿದ್ದು ಅಂದ್ಬಿಟ್ರಿ. ಇದೊಂದು ಕೆಲಸ ನೆಟ್ಟಗಾದ್ರೆ ನಾನು ತವರಲ್ಲಿ ತಲೆ ಎತ್ಕೊಂಡು ಓಡಾಡ್ತೀನಿ. ಕೆಟ್ಟೋಯ್ತೋ, ನಾನು ಇನ್ನು ಓಲ್ಡ್ ಟೌನ್ ಕಡೆ ಮುಖ ಹಾಕಲ್ಲ. ನಿಮ್ಮನ್ನೂ ಹಾಕಕ್ಕೆ ಬಿಡಲ್ಲ.”

ಭೈರಪ್ಪ ಒಂದೇ ಒಂದು ಎಚ್ಚರಿಕೆ ಕೊಟ್ಟಿದ್ದ. ಗಂಡಿನ ಸೋದರಮಾವ ಭೂತಪ್ಪನವರು. ಆ ಮನೆತನದ ರೂಢಿಯ ಪ್ರಕಾರ ಸೋದರಮಾವ ಉಂಡು ಕೈ ತೊಳೆಯದೆ ಹೆಣ್ಣಿನ ಕಡೆಯವರು ಎಲೆ ಮುಂದೆ ಕೂರುವಂತಿಲ್ಲ, ಹೆಣ್ಣು ಒಪ್ಪಿಸುವ ಶಾಸ್ತ್ರವೂ ನಡೆಯುವಂತಿಲ್ಲ. “ಅವರೊಬ್ಬರನ್ನ ಮೊದಲ ಪಂಕ್ತೀಲಿ ಕೂರಿಸ್ಬಿಡಿ ಭಾವ. ಮಿಕ್ಕೋರಿಗೆ ನೀವು ಸಂವಿಧಾನ ಬೇಕಾದ್ರೂ ಬಡಿಸಿ.”

ಸಮಾನತೆಯ ತತ್ವಕ್ಕೆ ಮೊದಲ ದಿನವೇ ತಿದ್ದುಪಡಿ! ಉಜ್ಜನಪ್ಪ ಬಹಳ ನೊಂದ. ಕೊನೆಗೆ ದೊಡ್ಡ ದೊಡ್ಡ ನಾಯಕರು ಮಾಡುವುದನ್ನೇ ಮಾಡಿದ, ಮಧ್ಯದ ದಾರಿ ಹಿಡಿದ. ಭೂತಪ್ಪನವರಿಗೂ ಟೋಕನ್ನೇ, ಆದರೆ ಮೊಟ್ಟಮೊದಲ ಟೋಕನ್. ಅದನ್ನು ತಾನೇ ಸ್ವಹಸ್ತದಿಂದ, ಒಂದೆರಡು ಮಾತಾಡಿ ಕೊಡುವುದೆಂದು ಜೇಬಿನಲ್ಲಿಟ್ಟುಕೊಂಡ.

ಮದುವೆಯ ದಿನ ಭದ್ರಾವತಿಯ ಆ ಕಲ್ಯಾಣ ಮಂಟಪದ ಮೇಲಂತಸ್ತು ಫೌಂಡ್ರಿಯ ಕ್ಯಾಂಟೀನಿನಂತೆ ಕಾಣುತ್ತಿತ್ತು. ಹಿತ್ತಾಳೆಯ ಟೋಕನ್ನುಗಳು ಕ್ಯಾಂಟೀನಿನಿಂದ ಒಂದು ದಿನದ ಮಟ್ಟಿಗೆ ಬಂದಿದ್ದವು. ಬಾಗಿಲಲ್ಲಿ ಫ್ಯಾಕ್ಟರಿಯ ಸೆಕ್ಯುರಿಟಿ ಮುರುಗೇಶ ಇಸ್ತ್ರಿ ಮಾಡಿದ ಯೂನಿಫಾರಂ ತೊಟ್ಟು, ಲಾಠಿ ಹಿಡಿದು ನಿಂತಿದ್ದ. ಉಜ್ಜನಪ್ಪ ರೇಷ್ಮೆ ಪಂಚೆಯ ಮೇಲೆ ಕುತ್ತಿಗೆಗೊಂದು ಸೀಟಿ ನೇತುಹಾಕಿಕೊಂಡಿದ್ದ. ಒಂದು ಸೀಟಿಗೆ ಕೂರುವುದು, ಎರಡಕ್ಕೆ ಬಡಿಸುವುದು, ಉದ್ದನೆಯ ಸೀಟಿಗೆ ಏಳುವುದು.

ಆಶ್ಚರ್ಯವೆಂದರೆ, ನಡೆಯಿತು! ಗಂಡಿನ ಕಡೆಯವರು, ಊರವರು ಮೆಟ್ಟಿಲ ಮೇಲೆ ಸಾಲಾಗಿ ನಿಂತರು. ಉಣ್ಣುವವರ ಬೆನ್ನ ಹಿಂದೆ ಒಂದು ನರಪಿಳ್ಳೆಯೂ ಇರಲಿಲ್ಲ. ಒಬ್ಬ ಮುದುಕ ಚಿರೋಟಿ ಮುರಿಯುತ್ತ, “ಇಂಥ ಶಿಸ್ತು ನಮ್ಮ ಕಾಲದಲ್ಲಿ ಇರ್ಲಿಲ್ಲಪ್ಪ” ಎಂದ. ಮೊದಲ ಪಂಕ್ತಿ ಎದ್ದು ಎರಡನೆಯದು ಕೂತಾಗ ಪ್ರಧಾನಿಯವರ ಕಣ್ಣಂಚು ಒದ್ದೆಯಾಯಿತು. ಅಧಿಕಾರವೆಂಬುದು ಹೀಗೆಯೇ. ಮೊದಲು ಕಣ್ಣು ಒದ್ದೆಯಾಗುತ್ತದೆ, ಆಮೇಲೆ ಜೇಬು ಮರೆತುಹೋಗುತ್ತದೆ.

ಅವನು ಹಾಲ್‌ನ ಆ ತುದಿಯಲ್ಲಿ ಸಾರಿನವನಿಗೂ ಪಲ್ಯದವನಿಗೂ ಸಂಚಾರ ನಿಯಮ ಹೇಳಿಕೊಡುತ್ತಿದ್ದಾಗ, ಶಲ್ಯ ಹೊದ್ದ ದಪ್ಪ ಮೀಸೆಯ ಹಿರಿಯರೊಬ್ಬರು ಬಾಗಿಲಿಗೆ ಬಂದು ಮುರುಗೇಶನೊಂದಿಗೆ ಏನೋ ಮಾತಾಡಿ, ತಲೆಯಾಡಿಸಿ, ಮೆಟ್ಟಿಲಿಳಿದು ಹೋದದ್ದು ಕಂಡಿತು.

“ಯಾರಪ್ಪ ಅದು?”

“ಗೊತ್ತಿಲ್ಲ ಸಾರ್. ಟೋಕನ್ ಇಲ್ಲ ಅಂದ್ರು. ಇಲ್ದೇ ಬಿಡಲ್ಲ ಅಂದೆ. ‘ಆಯ್ತು ಬಿಡಪ್ಪ’ ಅಂದ್ರು, ಹೋದ್ರು. ರೊಂಬ ಒಳ್ಳೆ ಮನುಷ್ಯ ಸಾರ್. ಎಲ್ರೂ ಇಂಗೇ ಇದ್ರೆ ನಮ್ಗೆ ಕೆಲ್ಸ ಈಸಿ.”

“ಶಭಾಷ್!” ಎಂದ ಉಜ್ಜನಪ್ಪ. ಅದೇ ಹೊತ್ತಿಗೆ ಭೈರಪ್ಪ ಏದುಸಿರು ಬಿಡುತ್ತ ಮೇಲೆ ಬಂದ.

“ಭಾವ, ಭೂತಪ್ಪನೋರು ಕೂತ್ರಾ? ಧಾರೆ ಮುಗಿದ ತಕ್ಷಣ ಮೇಲೆ ಕಳಿಸ್ದೆ. ದಪ್ಪ ಮೀಸೆ, ಜರಿ ಶಲ್ಯ.”

ಉಜ್ಜನಪ್ಪನ ಕೈ ತಾನಾಗಿ ಜೇಬಿಗೆ ಹೋಯಿತು. ಮೊಟ್ಟಮೊದಲ ಟೋಕನ್ ಅಲ್ಲೇ ಬೆಚ್ಚಗೆ ಮಲಗಿತ್ತು.

“ಏನಂದ್ರು ಹೋಗ್ವಾಗ?” ಎಂದ ಭೈರಪ್ಪ, ವಿಷಯ ತಿಳಿದು ಮುಖ ಬಿಳುಚಿಕೊಂಡು.

“‘ಆಯ್ತು ಬಿಡಪ್ಪ’ ಅಂದ್ರಂತೆ.”

ಭೈರಪ್ಪ ಅಲ್ಲೇ ಇದ್ದ ಮಜ್ಜಿಗೆ ಡ್ರಮ್ಮಿನ ಮೇಲೆ ಕೂತುಬಿಟ್ಟ. ಬೀಗರು ಕೂಗಾಡಿದರೆ ಹೆದರಬೇಕಾಗಿಲ್ಲ, ಕೂಗಿದವರು ಮಧ್ಯಾಹ್ನದೊಳಗೆ ದಣಿಯುತ್ತಾರೆ. ತಟ್ಟೆ ಎಸೆದರೂ ಆತಂಕವಿಲ್ಲ, ಹೊಸ ತಟ್ಟೆ ಸಿಗುತ್ತದೆ. ಆದರೆ ಬೀಗರು ಮೆತ್ತಗೆ ‘ಆಯ್ತು ಬಿಡಿ’ ಎಂದರೋ, ಮುಗಿಯಿತು. ಆ ಮಾತಿಗೆ ಮೂರು ತಲೆಮಾರಿನವರು ಕಪ್ಪ ಕಟ್ಟಬೇಕಾಗುತ್ತದೆ.

ಸುದ್ದಿ ಮೆಟ್ಟಿಲಿಳಿಯುತ್ತ ಬೆಳೆಯಿತು. ಮೊದಲ ತಿರುವಿನಲ್ಲಿ ಸೋದರಮಾವನಿಗೆ ಟೋಕನ್ ಕೇಳಿದರಂತೆ ಎಂದಿದ್ದದ್ದು, ಹೂವಿನವಳ ಹತ್ತಿರ ಬರುವಾಗ ಶಲ್ಯ ಹಿಡಿದೆಳೆದರಂತೆ ಎಂದಾಯಿತು. ಓಲಗದವರ ಕಿವಿಗೆ ಮುಟ್ಟುವಷ್ಟರಲ್ಲಿ, ಉಜ್ಜನಪ್ಪ ಪೊಲೀಸರನ್ನು ಕರೆಸಿ ಬೀಗರನ್ನು ಹೊರಗೆ ಹಾಕಿಸಿದ್ದ. ಪೊಲೀಸರ ವಿಷಯಕ್ಕೆ ಮುರುಗೇಶನ ಯೂನಿಫಾರಮ್ಮೇ ಸಾಕ್ಷಿ.

ಪುಷ್ಪಮ್ಮ ಹೆಚ್ಚು ಮಾತಾಡಲಿಲ್ಲ. ಗಂಡನ ಕುತ್ತಿಗೆಯ ಸೀಟಿಯನ್ನೊಮ್ಮೆ ನೋಡಿ, “ಪ್ರಧಾನಿ ಅಂತೆ ಪ್ರಧಾನಿ! ಬಾಗಿಲು ಕಾಯೋಕೆ ಬರ್ಲಿಲ್ಲ” ಎಂದಳಷ್ಟೆ.

ಫೋಟೋದವನು ಬಂದು, ಭೂತಪ್ಪನವರು ರಸ್ತೆ ದಾಟಿ ಎದುರಿನ ಹೋಟೆಲ್ ಹೊಕ್ಕಿದ್ದನ್ನು ಕಂಡೆ ಎಂದ. “ಹೋಟೆಲಾ!” ಎಂದು ಉಚ್ಚಂಗಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡರು. ಮದುವೆಯ ದಿನ ಗಂಡಿನ ಸೋದರಮಾವ ಹೋಟೆಲಿನಲ್ಲಿ! ಅವರು ಇನ್ನೂ ಏನೂ ತಿಂದಿರಬಾರದು ಎಂದು ಎಲ್ಲರೂ ದೇವರಿಗೆ ಕೈಮುಗಿದರು. ಕಾಫಿಯವರೆಗೆ ಪರವಾಗಿಲ್ಲ, ಸಿಟ್ಟಿಗೆ ಕಾಫಿ ಕುಡಿಯುವುದು ಉಂಟು. ಹೊಟ್ಟೆಗೆ ತಿಂದರೆ ಮಾತ್ರ ಹೆಣ್ಣಿನ ಮನೆಯ ಮರ್ಯಾದೆ ಮಣ್ಣುಪಾಲು.

ಸಂಧಾನಕ್ಕೆ ಹೊರಟಾಗ ಭೈರಪ್ಪ ಉಜ್ಜನಪ್ಪನನ್ನು ಹೋಟೆಲಿನ ಹೊರಗೇ ನಿಲ್ಲಿಸಿದ. “ನೀವು ಒಳಗೆ ಬರ್ಬೇಡಿ ಭಾವ. ನಿಮ್ಮ ಮುಖ ಕಂಡ್ರೆ ಇನ್ನೂ ಕೆಂಡ ಆಗ್ತಾರೆ.”

ಹೀಗಾಗಿ ಪ್ರಧಾನಿಯವರು ಬೀಡಾ ಅಂಗಡಿಯ ಮರೆಯಲ್ಲಿ ನಿಂತು, ಹೋಟೆಲಿನ ಗಾಜಿನ ಮೂಲಕ ಶಾಂತಿ ಮಾತುಕತೆಯನ್ನು ಮೂಕಿ ಸಿನಿಮಾದಂತೆ ನೋಡಬೇಕಾಯಿತು. ಭೂತಪ್ಪನವರ ಮುಂದೆ ಒಂದು ಕಾಫಿ ಲೋಟ ಮಾತ್ರ ಇತ್ತು. ಭೈರಪ್ಪ ಹೋಗಿ ಅವರ ಕೈ ಹಿಡಿದುಕೊಂಡ. ಅವರು ಹುಬ್ಬೇರಿಸಿ ಏನೋ ಕೇಳಿದರು. ಭೈರಪ್ಪ ಕೆನ್ನೆ ಕೆನ್ನೆ ಬಡಿದುಕೊಂಡ. ಅವನು ಸೋತು ಹೊರಬಂದ ಮೇಲೆ ಓಲ್ಡ್ ಟೌನಿನ ಹಿರಿಯರಿಬ್ಬರು ಹೋದರು. ಭೂತಪ್ಪನವರು ಒಮ್ಮೆ ಇವರನ್ನು, ಒಮ್ಮೆ ಅವರನ್ನು ನೋಡಿ, ಗಲ್ಲಕ್ಕೆ ಕೈಕೊಟ್ಟು ಯೋಚನೆಗಿಳಿದರು. ಕಡೆಗೆ ಉಚ್ಚಂಗಮ್ಮನೇ ಹೋಗಿ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಆಗ ಭೂತಪ್ಪನವರ ಮೀಸೆ ನಿಮಿರಿತು, ಮುಖ ಕೆಂಪಾಯಿತು, ಮೇಜು ಕುಟ್ಟಿದರು!

ಉಚ್ಚಂಗಮ್ಮ ಹೊರಬಂದು ಹೇಳಿದರು: “ಸಿಟ್ಟಲ್ಲಿದಾರೆ, ಆದ್ರೂ ದೊಡ್ಡೋರು. ಹೊಸದಾಗಿ ಮೊದಲ ಪಂಕ್ತಿ ಹಾಕ್ಸಿದ್ರೆ ಬರ್ತಾರಂತೆ. ಅದಕ್ಕೂ ಮುಂಚೆ ಆ ಟೋಕನ್ ಮನುಷ್ಯನ್ನ ಒಬ್ಬನ್ನೇ ಒಳಗೆ ಕಳಿಸಿ ಅಂದ್ರು.” ಆಮೇಲೆ ಅಳಿಯನನ್ನು ಮೇಲಿಂದ ಕೆಳಗೆ ನೋಡಿ, “ಹೊಡೆದ್ರೆ ಹೊಡೆಸ್ಕೊಳ್ಳಿ” ಎಂದು ಎಲೆ ಹಾಕಿಸಲು ಹೋದರು.

ಉಜ್ಜನಪ್ಪ ಒಳಗೆ ಹೋಗಿ ಕೈಕಟ್ಟಿ ನಿಂತ. “ತಪ್ಪಾಯ್ತು ಬೀಗರೇ...”

“ಅಯ್ಯಯ್ಯೋ, ನೀವೂ ಶುರು ಹಚ್ಕೋಬೇಡಿ ಮಾರಾಯ್ರೇ! ಕೂತ್ಕೊಳ್ಳಿ ಮೊದಲು” ಎಂದರು ಭೂತಪ್ಪ. ಸುತ್ತ ನೋಡಿ ದನಿ ತಗ್ಗಿಸಿದರು. “ನಂಗೆ ಶುಗರ್ ಇದೆ. ಧಾರೆ ಆದ್ಕೂಡ್ಲೆ ಊಟ ಅಂತ ಮಾತ್ರೆ ನುಂಗ್ಬಿಟ್ಟೆ. ಆ ಫೋಟೋದವನು ಬಿಟ್ನಾ? ಹಿಂಗೆ ನಿಲ್ಲಿ, ಹಂಗೆ ನಗಿ. ಕೈಕಾಲು ನಡುಗೋಕೆ ಶುರುವಾಯ್ತು. ಮೇಲೆ ಬಂದೆ, ನಿಮ್ಮ ಪೊಲೀಸಪ್ಪ ಟೋಕನ್ ಕೇಳ್ದ. ಪಾಪ, ಅವನ ಡ್ಯೂಟಿ, ಆಯ್ತು ಬಿಡಪ್ಪ ಅಂದೆ. ಇಲ್ಲಿ ಬಂದು ಒಂದು ಸೆಟ್ ದೋಸೆ ತಿಂದೆ. ಜೀವ ಬಂತು. ಇನ್ನೊಂದು ಸೆಟ್ ತಿಂದೆ. ಕಾಫಿ ಹೇಳಿ, ಹುಡುಗಿ ಕಡೆಯೋರು ಎಷ್ಟು ಒಳ್ಳೆ ಜನ ಅಂದ್ಕೊಳ್ತಾ ಕೂತಿದ್ದೆ.”

“ಹಾಗಾದ್ರೆ ಸಿಟ್ಟು?”

“ಎಲ್ಲಿತ್ತು ಸಿಟ್ಟು? ನಿಮ್ಮ ಭೈರಪ್ಪ ಬಂದು ಕೈ ಹಿಡ್ಕೊಂಡ್ರು. ಏನಾಯ್ತು ಅಂದೆ. ‘ಹಾಗನ್ಬೇಡಿ ಬೀಗರೇ, ಚಪ್ಪಲೀಲಿ ಹೊಡೀರಿ ಬೇಕಾದ್ರೆ’ ಅಂದ್ರು. ನಂಗೆ ತಲೆಬುಡ ತಿಳೀಲಿಲ್ಲ. ಆಮೇಲೆ ಇಬ್ಬರು ಯಜಮಾನರು ಬಂದು ‘ಆಗಬಾರದ್ದು ಆಗಿಹೋಯ್ತು’ ಅಂದ್ರು. ಆಗ ಸ್ವಲ್ಪ ಯೋಚನೆ ಹತ್ತಿತು. ಓಹೋ, ನಂಗೆ ಅವಮಾನ ಆಗಿರೋ ಹಾಗಿದೆ, ನಾನೇ ಗಮನಿಸಿಲ್ಲ! ಕಡೇಲಿ ನಿಮ್ಮ ಅತ್ತೆಮ್ಮ ಅತ್ತರು ನೋಡಿ. ಅಷ್ಟು ವಯಸ್ಸಾದೋರು ಅಳ್ಬೇಕಾದ್ರೆ ನಂಗೆ ಎಂಥಾ ಅವಮಾನ ಆಗಿರ್ಬೇಕು ಹೇಳಿ! ಸಿಟ್ಟು ಬಂದೇಬಿಡ್ತು. ಬರದೇ ಇದ್ರೆ ನಂದೇನು ಮರ್ಯಾದೆ?”

“ಈಗಲೂ ಇದೆಯಾ?”

“ಇದೆ. ಯಾರ ಮೇಲೆ ಅಂತ ಗೊತ್ತಾಗ್ತಿಲ್ಲ.”

ಅಷ್ಟರಲ್ಲಿ ಸಪ್ಲೈಯರ್ ಬಂದು, “ಸಾರ್, ಮೂರನೇ ಸೆಟ್ ಹೇಳ್ಲಾ?” ಎಂದ. ಭೂತಪ್ಪನವರು ಬೆಚ್ಚಿಬಿದ್ದು ಅವನನ್ನು ಕೈಬೀಸಿ ಓಡಿಸಿದರು.

“ಈಗ ಹೇಳಿ ಮಾರಾಯ್ರೇ, ಏನ್ಮಾಡ್ಲಿ? ಸಿಟ್ಟಿನ ಭರಾಟೇಲಿ ಹೊಸ ಪಂಕ್ತಿ ಹಾಕ್ಸಿ ಅಂದ್ಬಿಟ್ಟೆ, ಅಲ್ಲಿ ಹಾಕ್ತಿದಾರೆ. ಇಡೀ ಮದುವೆಮನೆ ಸುತ್ತ ನಿಂತು ನಾನು ಉಣ್ಣೋದು ನೋಡುತ್ತೆ. ನಂಗೆ ಇಲ್ಲೀವರೆಗೂ ದೋಸೆ.” ಗಂಟಲಿನ ಹತ್ತಿರ ಗೆರೆ ಎಳೆದು ತೋರಿಸಿದರು.

“ನಿಜ ಹೇಳಿದ್ರಾಯ್ತಪ್ಪ.”

“ನಮ್ಮಕ್ಕನಿಗಾ? ಸೋದರಳಿಯನ ಮದುವೇಲಿ ಹೋಟೆಲ್ ದೋಸೆ ತಿಂದ ಸೋದರಮಾವ ಅಂತ ನನ್ನ ತಿಥಿ ದಿನಾನೂ ಹೇಳ್ತಾಳೆ! ನಿಮ್ಮ ಕಡೆಗೇನು, ಲಾಭವಾ? ಬೀಗರಿಗೆ ಅನ್ನ ಹಾಕದೆ ಹೋಟೆಲಿಗೆ ಕಳಿಸಿದ್ರು ಅಂತ ಆ ಹುಡುಗಿ ಜನ್ಮವಿಡೀ ಕೇಳ್ಕೊಂಡಿರ್ಬೇಕು. ಇದು ನಿಮಗೆ ನಂಗೆ ಇಬ್ಬರಿಗೇ ಗೊತ್ತಿರ್ಲಿ. ನೀವು ಊಟದ ಹಾಲ್‌ನ ಯಜಮಾನರಲ್ವಾ? ಹೆಂಗಾದ್ರೂ ಬಡಿಸೋರನ್ನ ತಡೀರಿ. ನಿಮ್ಮ ಕಾಲಿಗೆ ಬೀಳ್ತೀನಿ.”

ಕ್ಷಮೆ ಕೇಳಲು ಹೋದವನ ಕಾಲಿಗೆ ಕ್ಷಮಿಸಬೇಕಾದವರು ಬೀಳಲು ಹೊರಟ ಸಂಧಾನ ಭದ್ರಾವತಿಯಲ್ಲಿ ಬೇರೆ ನಡೆದಿರಲಾರದು. ಉಜ್ಜನಪ್ಪ ಅವರ ಕೈಮೇಲೆ ಕೈಯಿಟ್ಟು ಮಾತು ಕೊಟ್ಟ.

ಮೇಲೆ ಹೊಸ ಪಂಕ್ತಿ ಸಿದ್ಧವಾಗಿತ್ತು. ಭೂತಪ್ಪನವರಿಗೆ ನಡುವಿನ ಎಲೆ, ಎಲೆಯ ಸುತ್ತ ರಂಗೋಲಿ. ಒಂದು ಕಡೆ ಅವರ ಅಕ್ಕ, ಮದುಮಗನ ತಾಯಿ, ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ಇನ್ನೊಂದು ಕಡೆ ಉಚ್ಚಂಗಮ್ಮ ಹೋಳಿಗೆಯ ತಟ್ಟೆ ಹಿಡಿದು ನಿಂತಿದ್ದರು. ಹಿಂದೆ ಹಸಿದ ಹೆಣ್ಣಿನ ಕಡೆಯವರು. ಅವರ ಊಟ, ಸ್ಫೂರ್ತಿಯನ್ನು ಒಪ್ಪಿಸುವ ಶಾಸ್ತ್ರ, ಹೊರಗೆ ಕಾದು ನಿಂತ ಬಸ್ಸು ಎಲ್ಲವೂ ಈ ಒಬ್ಬ ಮನುಷ್ಯ ಕೈ ತೊಳೆಯುವುದರ ಮೇಲೆ ನಿಂತಿತ್ತು. ಎಲೆ ಮುಟ್ಟಿ ಎದ್ದರೆ ಸಿಟ್ಟು ಇಳಿದಿಲ್ಲವೆಂದು ಅರ್ಥ. ಗಡದ್ದಾಗಿ ಉಂಡರೆ ಮಾತ್ರ ಶಾಂತಿ.

ಕೋಸಂಬರಿ ಬಂತು, ಪಲ್ಯ ಬಂತು, ಚಿತ್ರಾನ್ನ ಬಂತು. ಭೂತಪ್ಪನವರು ಒಂದೊಂದು ಅಗುಳನ್ನೂ ಪರಿಚಯ ಮಾಡಿಕೊಂಡು ತಿನ್ನುವವರಂತೆ ತಿಂದರು. ಹೋಳಿಗೆ ಬಂದಾಗ ಶುಗರ್ ಎಂದು ಕೈ ಅಡ್ಡ ಇಟ್ಟರು.

“ಸಕ್ಕರೇದಲ್ಲ ಬೀಗರೇ, ಬೆಲ್ಲದ್ದು. ಬೆಲ್ಲಕ್ಕೆ ಏನೂ ಆಗಲ್ಲ” ಎಂದು ಉಚ್ಚಂಗಮ್ಮ ಕೈ ಸಂದಿಯಲ್ಲೇ ಒಂದನ್ನು ಇಳಿಸಿದರು. ಪುಷ್ಪಮ್ಮ ಬಗ್ಗಿ ಅದರ ಮೇಲೆ ತುಪ್ಪ ಸುರಿದಳು. ಭೂತಪ್ಪನವರು ಅದನ್ನು ಹೇಗೆ ನುಂಗಿದರೋ ಅವರ ಮನೆದೇವರಿಗೇ ಗೊತ್ತು. ಹಣೆಯ ಮೇಲೆ ಬೆವರು ಸಾಲುಗಟ್ಟಿತು.

“ನೋಡ್ರೇ, ಎಷ್ಟು ಹಸಿದಿದ್ರು, ಬೆವರ್ತಿದಾರೆ! ಇನ್ನೊಂದು ಹಾಕಿ” ಎಂದರು ಅವರಕ್ಕ.

ಭೂತಪ್ಪನವರ ಕಣ್ಣುಗಳು ಎಲೆಯಿಂದ ಮೇಲೆದ್ದು ಉಜ್ಜನಪ್ಪನನ್ನು ಹುಡುಕಿದವು. ಸಂತೆಯಲ್ಲಿ ಕಟ್ಟಿದ ಕರುವಿನ ಕಣ್ಣು ಹಾಗಿರುತ್ತದೆ. ಉಚ್ಚಂಗಮ್ಮನ ಕೈಯಲ್ಲಿ ಎರಡನೆಯ ಹೋಳಿಗೆ ಎಲೆಯತ್ತ ಇಳಿಯುತ್ತಿತ್ತು. ಉಜ್ಜನಪ್ಪ ನುಗ್ಗಿ ಎಲೆಯ ಮೇಲೆ ಎರಡೂ ಕೈ ಚಾಚಿ, “ಸಾಕು!” ಎಂದು ಕೂಗಿದ. ಅದು ಸಾಲದೆಂದು ಅಭ್ಯಾಸಬಲದಿಂದ ಉದ್ದನೆಯ ಸೀಟಿಯನ್ನೂ ಊದಿಬಿಟ್ಟ. ಏಳುವ ಸೀಟಿ!

ಬೀಗರನ್ನು ಸೀಟಿ ಊದಿ ಎಬ್ಬಿಸಿದ ಅಳಿಯನನ್ನು ಆ ಹಾಲ್‌ನ ಗೋಡೆಗಳು ಅಲ್ಲಿಯವರೆಗೆ ಕಂಡಿರಲಿಲ್ಲ.

“ಭಾವ!” ಎಂದ ಭೈರಪ್ಪ. “ಒಂದ್ಸಲ ಬಾಗಿಲಲ್ಲಿ ತಡೆದ್ರಿ. ಈಗ ಎಲೆ ಮುಂದೇನೂ ತಡೀತೀರಾ? ಏನು ದ್ವೇಷ ನಿಮಗೆ?”

ಏನು ಹೇಳುವುದು? ನಿಜ ಹೇಳಿದರೆ ಎರಡು ಮನೆಯ ಮರ್ಯಾದೆ, ಸುಳ್ಳು ಹೇಳೋಣವೆಂದರೆ ಹೊಳೆಯುತ್ತಿಲ್ಲ. “ನನ್ನ ಸರ್ಕಾರದಲ್ಲಿ... ಬಲವಂತ ಇಲ್ಲ. ಅದು ಧೋರಣೆ” ಎಂದ ಉಜ್ಜನಪ್ಪ, ತನಗೇ ಕೇಳಿಸದಂತೆ.

ಆಗ ಪುಷ್ಪಮ್ಮ ತುಪ್ಪದ ಗಿಂಡಿಯನ್ನು ಠಣ್ಣನೆ ಕೆಳಗಿಟ್ಟಳು. “ಧೋರಣೆ ಅಂತೆ! ಮನೇಲಿ ನಲ್ಲಿ ಸೋರ್ತಾ ಇದೆ, ಅದಕ್ಕೆ ಧೋರಣೆ ಇಲ್ಲ! ಬೀಗರ ಬಾಯಿಗೆ ಬೀಗ ಹಾಕೋಕೆ ಧೋರಣೆ! ನಿಮ್ಮ ಕೈಗೆ ದೇಶ ಕೊಟ್ರೆ ಉಪವಾಸ ಬಿದ್ದು ಸಾಯುತ್ತೆ ಕಣ್ರೀ! ಅಮ್ಮ, ನೀನು ಹಿಡ್ಕೊ ನನ್ನ. ಇಲ್ಲಾಂದ್ರೆ ಇವತ್ತು ನಾನು ಏನ್ಮಾಡ್ತೀನೋ ಗೊತ್ತಿಲ್ಲ!” ಎಂದು ಗಂಡನ ಮೇಲೆ ನುಗ್ಗಿದಳು. ಉಚ್ಚಂಗಮ್ಮ ಗಾಬರಿಯಿಂದ ಹೋಳಿಗೆಯ ತಟ್ಟೆಯನ್ನು ಯಾರದೋ ಕೈಗೆ ತುರುಕಿ ಮಗಳನ್ನು ಹಿಡಿದುಕೊಂಡರು. ಭೂತಪ್ಪನವರ ಅಕ್ಕನೂ ಬಿಡಿಸಲು ಓಡಿಬಂದರು. ಎಲ್ಲರ ಕಣ್ಣು ಗಂಡಹೆಂಡಿರ ಮೇಲೆ.

ಆ ಗದ್ದಲದಲ್ಲಿ ಭೂತಪ್ಪನವರು ಎಲೆ ಮಡಚಿ ಎದ್ದೇಬಿಟ್ಟರು. “ನನ್ನಿಂದ ಗಂಡಹೆಂಡ್ತಿ ಮಧ್ಯೆ ಜಗಳ ಬೇಡಮ್ಮ. ಊಟ ತೃಪ್ತಿ ಆಯ್ತು. ಮನಸ್ಸೂ ತೃಪ್ತಿ ಆಯ್ತು” ಎಂದು ಕೈ ತೊಳೆಯಲು ಓಡುನಡಿಗೆಯಲ್ಲಿ ಹೋದರು. ಕೈ ತೊಳೆದಾಯಿತು. ರೂಢಿ ಉಳಿಯಿತು. ಹೆಣ್ಣಿನ ಕಡೆಯವರು ಒಂದೇ ಉಸಿರಿಗೆ ಎಲೆಗಳ ಮುಂದೆ ಕೂತರು, ಟೋಕನ್ ಇದ್ದವರೂ ಇಲ್ಲದವರೂ.

ಉಜ್ಜನಪ್ಪನ ಸರ್ಕಾರ ಬಿತ್ತು. ಭೈರಪ್ಪ ಅವನ ಕುತ್ತಿಗೆಯಿಂದ ಸೀಟಿ ಬಿಚ್ಚಿಕೊಂಡ. ಉಚ್ಚಂಗಮ್ಮ ಕೈಮುಗಿದು, “ಅಳಿಯಂದ್ರೇ, ಕೆಳಗೆ ತಾಂಬೂಲದ ಮೇಜಿನ ಹತ್ರ ಕೂತ್ಕೊಳ್ಳಿ. ಬಂದೋರಿಗೆ ತೆಂಗಿನಕಾಯಿ ಕೊಡಿ. ಮಾತು ಬೇಡ, ಕಾಯಿ ಮಾತ್ರ” ಎಂದರು. ಮುರುಗೇಶನಿಗೆ ಒಳ್ಳೆಯ ಊಟವಾಯಿತು. ಆ ದಿನ ಯಾವ ತಕರಾರೂ ಇಲ್ಲದೆ ಉಂಡವನು ಅವನೊಬ್ಬನೇ.

ಸಂಜೆ ಹೆಣ್ಣು ಒಪ್ಪಿಸುವ ಶಾಸ್ತ್ರ ಮುಗಿದು, ಸ್ಫೂರ್ತಿ ಅತ್ತು, ಭೈರಪ್ಪ ಅವಳಿಗಿಂತ ಜೋರಾಗಿ ಅತ್ತು, ಬೀಗರ ಬಸ್ಸು ಹೊರಡುವ ಹೊತ್ತಾಯಿತು. ಭೂತಪ್ಪನವರು ಬಸ್ಸಿನ ಮೆಟ್ಟಿಲ ಮೇಲೆ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದರು: “ಬರೋ ಭಾನುವಾರ ಶಿವಮೊಗ್ಗದಲ್ಲಿ ನಮ್ಮನೇಲಿ ಬೀಗರ ಊಟ. ಎಲ್ಲರೂ ಬರ್ಬೇಕು. ಊಟದ ಹಾಲ್ ಉಸ್ತುವಾರಿಗೆ ಮಾತ್ರ ನಮ್ಮ ಕಡೆಯೋರು ಯಾರೂ ಬೇಡ. ಆ ಉಜ್ಜನಪ್ಪನೋರೇ ನಿಲ್ಬೇಕು. ಅವರು ಬರದಿದ್ರೆ ನಾನು ಎಲೆ ಮುಂದೆ ಕೂರಲ್ಲ.”

ಜನರಿಗೆ ಕಿವಿಯ ಮೇಲೆ ನಂಬಿಕೆ ಬರಲಿಲ್ಲ. ಭದ್ರಾವತಿಯಲ್ಲಿ ಠೇವಣಿ ಕಳೆದುಕೊಂಡವನು ಶಿವಮೊಗ್ಗದಿಂದ ಅವಿರೋಧವಾಗಿ ಆಯ್ಕೆಯಾಗಿದ್ದ! ಉಚ್ಚಂಗಮ್ಮ ಮಗಳತ್ತ ತಿರುಗಿ, “ಏನೇ ಇದು? ನಿನ್ನ ಗಂಡನ್ನ ಬೀಗರೇ ಕೇಳ್ಕೊಂಡ್ರಲ್ಲೇ!” ಎಂದರು.

ಪುಷ್ಪಮ್ಮ ಸೆರಗು ಸರಿಮಾಡಿಕೊಂಡು, ಬೀದಿಯವರಿಗೂ ಕೇಳುವಂತೆ, “ಮತ್ತೇನಂದ್ಕೊಂಡಿದ್ರಿ ನಮ್ಮನೆಯೋರನ್ನ?” ಎಂದಳು. ಆಮೇಲೆ ತಾಂಬೂಲದ ಮೇಜಿನ ಹತ್ತಿರ ಬಂದಳು. ಉಜ್ಜನಪ್ಪ ತೆಂಗಿನಕಾಯಿಗಳ ನಡುವೆ ಕೂತಿದ್ದ. ಹಸಿದಿದ್ದ.

“ಏನು ನಡೀತು ಆ ಹೋಟೆಲಲ್ಲಿ?” ಎಂದು ಕೇಳಿದಳು.

ಉಜ್ಜನಪ್ಪ ಬಾಯಿ ತೆರೆದ. ಹುಟ್ಟಿದಂದಿನಿಂದ ತೆರೆದ ಬಾಯಿಯನ್ನು ಮಾತಾಡದೆ ಮುಚ್ಚಿ ಗೊತ್ತಿಲ್ಲದವನು, ಕಷ್ಟಪಟ್ಟು ಮುಚ್ಚಿದ. “ಅದು ರಾಷ್ಟ್ರೀಯ ಭದ್ರತೆಯ ವಿಷಯ. ಹೇಳೋ ಹಾಗಿಲ್ಲ.”

“ಹೇಳ್ಬೇಡಿ” ಎಂದಳು ಪುಷ್ಪಮ್ಮ, ಅವನಿಗಾಗಿ ಮುಚ್ಚಿಟ್ಟು ತಂದ ಎಲೆಯನ್ನು ಬಿಚ್ಚುತ್ತ. “ತುಪ್ಪ ಹಾಕೋಕೆ ಬಗ್ಗಿದಾಗ ನೋಡ್ದೆ. ಬೀಗರ ಶಲ್ಯದ ಮೇಲೆ ಕೆಂಪು ಚಟ್ನಿ. ನಮ್ಮ ಅಡುಗೇಲಿ ಕೆಂಪು ಚಟ್ನಿ ಮಾಡ್ಸೇ ಇಲ್ಲ. ಅದಕ್ಕೇ ಅಷ್ಟು ಜೋರಾಗಿ ಬೈದಿದ್ದು. ಮೆತ್ತಗೆ ಬೈದಿದ್ರೆ ಅಮ್ಮ ಇನ್ನೆರಡು ಹೋಳಿಗೆ ಹಾಕಿರೋಳು.”